ಸೂರಿನ ದೋಣಿಯ ಲೆಕ್ಕ

(ಕಲಿಕಾ ಕೇಂದ್ರದಲ್ಲಿ ಶಿಕ್ಷಕಿಯೊಬ್ಬರು ಆಡಿದ ಮಾತು)

ಯುಗಾದಿ ಕಳೀತು. ಬಿಸಿಲು ಸುಡ್ತಾ ಇದೆ. ಈ ಬಿಸಿಲಲ್ಲಿ ಮಳೆಯ ಮಾತು ಯಾಕೆ ಅಂತ ನೀವು ಕೇಳಬಹುದು. ಕಾರಣ ಇದೆ. ಮೇ ಕೊನೆಗೆ ರೋಹಿಣಿ ಮಳೆ. ಜೂನ್ ಎರಡನೇ ವಾರಕ್ಕೆ ಮೃಗಶಿರಾ. ಆಮೇಲೆ ಆರಿದ್ರಾ. ನಮ್ಮ ಮಲೆನಾಡಲ್ಲಿ ಮಳೆ ಹಿಡಿದರೆ ಬಿಡುವುದಿಲ್ಲ. ಆಗ ಮಾಡು ಹತ್ತಲು ಆಗುವುದಿಲ್ಲ. ಆಳು ಸಿಗುವುದಿಲ್ಲ. ಸಿಕ್ಕಿದರೂ ಕೇಳಿದಷ್ಟು ಕೊಡಬೇಕು. ಅದಕ್ಕೆ ಸೂರಿನ ದೋಣಿಯ ಮಾತು ಬಿಸಿಲಲ್ಲೇ ಆಡಬೇಕು.

ದೋಣಿ ಅಂದರೆ ಹೊಳೆ ದಾಟುವ ದೋಣಿ ಅಲ್ಲ. ಮಾಡಿನ ನೀರನ್ನು ಸೂರಿನಲ್ಲಿ ಹಿಡಿದು, ಒಂದು ಮೂಲೆಗೆ ಸಾಗಿಸುವ ಕಾಲುವೆ. ಕೆಲವರು ದಂಬೆ ಅನ್ನುತ್ತಾರೆ. ಅಂಗಡಿಯಲ್ಲಿ ಗಟರ್ ಅನ್ನುತ್ತಾರೆ. ಹೆಸರು ಯಾವುದಾದರೂ ಕೆಲಸ ಒಂದೇ. ಗೋಡೆಗೆ, ಬುಡಕ್ಕೆ ನೀರು ತಾಗದ ಹಾಗೆ ಕಾಯುವುದು.

ನಮ್ಮ ಅಮ್ಮನ ಮನೆಯ ಗೋಡೆ

ಮೊದಲು ನನ್ನದೇ ಒಂದು ಕತೆ ಹೇಳ್ತೀನಿ.

ನಾನು ಆಗ ಏಳನೇ ತರಗತಿ. ನಮ್ಮದು ಮಣ್ಣಿನ ಗೋಡೆಯ ಮನೆ. ಮಂಗಳೂರು ಹೆಂಚು. ಮುಂದೆ ಅಡಿಕೆ ದಂಬೆ ಕಟ್ಟಿದ್ದೆವು. ಎರಡು ವರ್ಷಕ್ಕೊಮ್ಮೆ ಅದು ಲಡ್ಡಾಗಿ ಬೀಳುತ್ತಿತ್ತು. ಅಪ್ಪ ಇರಲಿಲ್ಲ. ಪ್ರತಿ ಸಲ ಯಾರನ್ನಾದರೂ ಕಾಡಿ ಬೇಡಿ ಕಟ್ಟಿಸಬೇಕಿತ್ತು. ಅಮ್ಮನಿಗೆ ಸಾಕಾಯಿತು. ತಗಡಿನ ದೋಣಿ ಹಾಕಿಸೋಣ ಅಂತ ದುಡ್ಡು ಕೂಡಿಸಿದಳು. ಹಾಲು ಮಾರಿದ ದುಡ್ಡು ಅದು.

ಕೆಲಸದವನು ಬಂದ. "ದಪ್ಪ ತಗಡು ಹಾಕ್ತೀನಮ್ಮ. ಹತ್ತು ವರ್ಷ ಈ ಕಡೆ ನೋಡಬೇಡಿ" ಅಂದ. ಅಮ್ಮ ಒಪ್ಪಿದಳು. ಅವನು ಕೇಳಿದಷ್ಟು ಕೊಟ್ಟಳು. ಚೀಟಿ ಇಲ್ಲ. ಲೆಕ್ಕ ಇಲ್ಲ.

ಮೂರನೇ ವರ್ಷ ದೋಣಿ ತುಕ್ಕು ಹಿಡಿಯಿತು. ಗೋಡೆ ಕಡೆಯಲ್ಲೇ ತೂತಾಯಿತು. ನೀರು ಗೋಡೆಗೆ ಇಳಿಯಿತು. ಕೆಳಗೆ ಒಂದು ಪಾತ್ರೆ ಇಟ್ಟು ಸುಮ್ಮನಾದೆವು. ಪುಷ್ಯ ಮಳೆಯಲ್ಲಿ ಒಂದು ರಾತ್ರಿ ಧೊಪ್ ಅಂತ ಶಬ್ದ. ಮೂಲೆಯ ಗೋಡೆ ಒಳಗೇ ಕುಸಿದಿತ್ತು. ಅಮ್ಮ ದಿನಾ ಮಲಗುತ್ತಿದ್ದ ಜಾಗ ಅದು. ಅವತ್ತು ಚಳಿ ಜಾಸ್ತಿ ಅಂತ ಒಲೆ ಹತ್ತಿರ ಚಾಪೆ ಹಾಕಿಕೊಂಡಿದ್ದಳು. ಅದಕ್ಕೆ ಉಳಿದಳು.

ಮಳೆ ಹೊಳವಾದ ಮೇಲೆ ಆ ದೋಣಿ ಬಿಚ್ಚಿದೆವು. ಅಂಗಳದಲ್ಲಿ ಮಗುಚಿ ಹಾಕಿದೆವು. ಹೊರಮೈಯಲ್ಲಿ ಅಂಕಿ ಅಚ್ಚಾಗಿತ್ತು. 0.30 ಅಂತ. ಅಂದರೆ ತಗಡಿನ ದಪ್ಪ ಮಿಲಿಮೀಟರ್‌ನ ಹತ್ತು ಭಾಗದಲ್ಲಿ ಮೂರು ಭಾಗ ಮಾತ್ರ. ತೆಳು ತಗಡು. ದಪ್ಪದ ದುಡ್ಡು ಕೊಟ್ಟು ತೆಳು ಹಾಕಿಸಿಕೊಂಡಿದ್ದೆವು.

ಅಮ್ಮನಿಗೆ ಓದು ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು. ಆದರೆ ನಾನು ನೋಡಲೇ ಇಲ್ಲ. ಮೂರು ವರ್ಷ ಆ ಅಂಕಿ ನಮ್ಮ ತಲೆಯ ಮೇಲೇ ಇತ್ತು.

ಅವತ್ತಿನಿಂದ ನಾನು ಒಂದು ಪಾಠ ಕಲಿತೆ. ಅಕ್ಷರ ಬಂದರೆ ಸಾಲದು. ನೋಡಬೇಕು. ಅಳೆಯಬೇಕು. ಬರೆಸಿಕೊಳ್ಳಬೇಕು. ಇವತ್ತಿನ ಮಾತು ಇಷ್ಟೇ.

ಮಾಡಿನಿಂದ ಎಷ್ಟು ನೀರು ಇಳಿಯುತ್ತೆ?

ಒಂದು ಲೆಕ್ಕ ಮಾಡೋಣ. ಸ್ಲೇಟು ತಗೊಳ್ಳಿ.

ಮನೆ 30 ಅಡಿ ಉದ್ದ, 20 ಅಡಿ ಅಗಲ ಅಂತ ಇಟ್ಟುಕೊಳ್ಳಿ. ಮಾಡಿಗೆ ಎರಡು ಇಳಿಜಾರು. ಮುಂದಿನ ಸೂರಿಗೆ ಅರ್ಧ ಮನೆಯ ನೀರು ಬರುತ್ತೆ. ಅಂದರೆ 30 ಅಡಿ ಉದ್ದ, 10 ಅಡಿ ಅಗಲ. 30ನ್ನು 10ರಿಂದ ಗುಣಿಸಿದರೆ 300 ಚದರ ಅಡಿ. ಮೀಟರ್ ಲೆಕ್ಕದಲ್ಲಿ ಸುಮಾರು 28 ಚದರ ಮೀಟರ್.

ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಇದನ್ನು ನೆನಪಿಡಿ. ಬಹಳ ಸುಲಭದ ಲೆಕ್ಕ.

ಜೋರು ಮಳೆಯ ದಿನ 100 ಮಿಲಿಮೀಟರ್ ಬೀಳುವುದು ನಮ್ಮ ಕಡೆ ಹೊಸದಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್‌ಗಿಂತ ಹೆಚ್ಚು ಮಳೆ. ಹಾಗಾದರೆ 100 ಮಿಲಿಮೀಟರ್ ಬಿದ್ದ ದಿನ ಮುಂದಿನ ಸೂರಿನಿಂದ ಎಷ್ಟು ನೀರು ಇಳಿಯಿತು? 28ನ್ನು 100ರಿಂದ ಗುಣಿಸಿ. 2800 ಲೀಟರ್.

ನಮ್ಮ ಕೊಡಕ್ಕೆ 14 ಲೀಟರ್ ಹಿಡಿಯುತ್ತೆ ಅಂತ ಇಟ್ಟುಕೊಳ್ಳಿ. 2800ನ್ನು 14ರಿಂದ ಭಾಗಿಸಿ. 200 ಕೊಡ!

ಒಂದೇ ದಿನ, ಒಂದೇ ಸೂರಿನಿಂದ, 200 ಕೊಡ ನೀರು. ಅದನ್ನು ಗೋಡೆಯ ಬುಡಕ್ಕೆ ಸುರಿದರೆ ಗೋಡೆ ನಿಲ್ಲುತ್ತಾ? ಇಟ್ಟಿಗೆ ಗೋಡೆಯೇ ಪಾಚಿ ಹಿಡಿದು ಸಡಿಲವಾಗುತ್ತೆ. ಮಣ್ಣಿನ ಗೋಡೆಯ ಗತಿ ಏನು? ದೋಣಿಯ ಕೆಲಸ ಸಣ್ಣದಲ್ಲ ಅಂತ ಇದರಿಂದ ತಿಳಿಯುತ್ತೆ.

ರಿಪೇರಿಯೋ, ಹೊಸದೋ?

ಸೋರುವ ದೋಣಿ ಎಲ್ಲಾ ಕೆಟ್ಟ ದೋಣಿ ಅಲ್ಲ. ಖರ್ಚಿಗೆ ಮೊದಲು ರೋಗ ಯಾವುದು ಅಂತ ನೋಡಬೇಕು.

ಮೊದಲ ರೋಗ ಕಸ. ತರಗೆಲೆ, ಪಾಚಿ, ಒಡೆದ ಹೆಂಚಿನ ಚೂರು ತುಂಬಿದರೆ ನೀರು ಅಂಚು ದಾಟಿ ಬೀಳುತ್ತೆ. ನೋಡುವವರಿಗೆ ದೋಣಿ ತೂತಾದ ಹಾಗೆ ಕಾಣುತ್ತೆ. ಕಸ ತೆಗೆದರೆ ಸರಿ. ಖರ್ಚು ಇಲ್ಲ.

ಎರಡನೇ ರೋಗ ಓಟ ತಪ್ಪಿದ್ದು. ಒಂದು ಕ್ಲಾಂಪ್ ಕಿತ್ತುಹೋಗಿ ದೋಣಿ ನಡುವೆ ಜೋತಿರುತ್ತೆ. ಅಲ್ಲಿ ನೀರು ನಿಲ್ಲುತ್ತೆ. ನಿಂತ ನೀರಿಗೆ ತಗಡು ತುಕ್ಕು ಹಿಡಿಯುತ್ತೆ. ಸೊಳ್ಳೆಯೂ ಮೊಟ್ಟೆ ಇಡುತ್ತೆ. ಕ್ಲಾಂಪ್ ಹೊಸದು ಹಾಕಿ, ಓಟ ಸರಿ ಮಾಡಿದರೆ ಸಾಕು.

ಮೂರನೇ ರೋಗ ಜೋಡಣೆ ಬಿಟ್ಟಿದ್ದು. ಎರಡು ತುಂಡು ಸೇರುವ ಕಡೆ ಸೋರುತ್ತೆ. ಅಲ್ಲಿ ಚೆನ್ನಾಗಿ ಉಜ್ಜಿ, ಒಣಗಿಸಿ, ರಿವೆಟ್ ಹೊಡೆದು, ಸಂದಿಗೆ ಸೀಲೆಂಟ್ ಹಚ್ಚಬೇಕು.

ನಾಲ್ಕನೇ ರೋಗ ಸಣ್ಣ ತೂತು. ಒಂದೋ ಎರಡೋ ತೂತಿದ್ದರೆ ತುಕ್ಕು ಉಜ್ಜಿ ತೆಗೆಯಿರಿ. ತಗಡಿನ ತೇಪೆ ಇಡಿಸಿ. ಅಥವಾ ಡಾಂಬರು ಸವರಿ, ಬಟ್ಟೆಯ ತುಂಡು ಅಂಟಿಸಿ, ಮೇಲೆ ಮತ್ತೆ ಡಾಂಬರು ಸವರಿ. ಇದೆಲ್ಲ ತಗಡು ಪೂರ್ತಿ ಒಣಗಿದ ಮೇಲೆ. ಹಸಿ ತಗಡಿಗೆ ಯಾವುದೂ ಅಂಟುವುದಿಲ್ಲ. ತಗಡಿಗೆ ಸಿಮೆಂಟ್ ಮೆತ್ತಬೇಡಿ. ಬಿಸಿಲಿಗೆ ತಗಡು ಹಿಗ್ಗುತ್ತೆ, ಸಿಮೆಂಟ್ ಬಿರುಕು ಬಿಟ್ಟು ಕಳಚುತ್ತೆ.

ಐದನೇ ರೋಗ ಮೈಯೆಲ್ಲಾ ತುಕ್ಕು. ಬೆರಳಿನಿಂದ ಒತ್ತಿದರೆ ತಗಡು ಕರಕರ ಅನ್ನುತ್ತೆ, ಪುಡಿ ಉದುರುತ್ತೆ. ಇದಕ್ಕೆ ತೇಪೆ ಹಾಕಿದರೆ ದುಡ್ಡು ದಂಡ. ಹೊಸದೇ ಹಾಕಬೇಕು.

ಐದು ರೋಗದಲ್ಲಿ ನಾಲ್ಕಕ್ಕೆ ಸಣ್ಣ ಮದ್ದು ಸಾಕು. ಕೆಲಸದವರು ಬಂದ ಕೂಡಲೇ "ಪೂರ್ತಿ ಬದಲಿಸಬೇಕು" ಅಂದರೆ, "ಎಲ್ಲಿ ಕೆಟ್ಟಿದೆ, ತೋರಿಸಿ" ಅಂತ ಕೇಳಿ.

ಯಾವ ಸಾಮಾನು?

ಹೊಸದು ಹಾಕುವುದೇ ಆದರೆ ಯಾವುದನ್ನು ಹಾಕೋಣ?

ಅಡಿಕೆ ದಂಬೆ: ಹಳೆಯ ಅಡಿಕೆ ಮರವನ್ನು ಉದ್ದಕ್ಕೆ ಸೀಳಿ, ಒಳಗಿನ ತಿರುಳು ಕೆತ್ತಿ ತೆಗೆದರೆ ದಂಬೆ. ತೋಟ ಇದ್ದವರಿಗೆ ಮರಕ್ಕೆ ದುಡ್ಡಿಲ್ಲ. ಕೂಲಿ ಮಾತ್ರ. ಆದರೆ ಬೇಗ ಲಡ್ಡಾಗುತ್ತೆ. ಒಂದೆರಡು ಮಳೆಗಾಲ ಬಂದರೆ ಹೆಚ್ಚು. ಕೊಟ್ಟಿಗೆಗೆ, ಕಟ್ಟಿಗೆ ಮನೆಗೆ ಸಾಕು.

ಜಿಂಕ್ ತಗಡು: ಕಬ್ಬಿಣದ ತಗಡಿಗೆ ಸತುವಿನ ಲೇಪ ಇರುತ್ತೆ. ಆ ಲೇಪ ಇರುವವರೆಗೆ ತುಕ್ಕು ಬರುವುದಿಲ್ಲ. ಬೇಕಾದ ಅಳತೆಗೆ ಕತ್ತರಿಸಿ ಮಡಚಬಹುದು. ಮಂಗ ಹಾರಿದರೂ ತಡೆಯುತ್ತೆ. ಸಮುದ್ರದ ಹತ್ತಿರದ ಊರಲ್ಲಿ ಉಪ್ಪು ಗಾಳಿಗೆ ಬೇಗ ತುಕ್ಕು ಹಿಡಿಯುತ್ತೆ.

ಬಣ್ಣದ ತಗಡು: ಲೇಪದ ಮೇಲೆ ಬಣ್ಣ ಕೂರಿಸಿದ ತಗಡು. ನೋಡಲು ಚೆಂದ. ಬೆಲೆ ಸ್ವಲ್ಪ ಹೆಚ್ಚು. ಬಣ್ಣ ನೋಡಿ ಮರುಳಾಗಬೇಡಿ. ಇದರಲ್ಲೂ ದಪ್ಪ, ತೆಳು ಇದೆ.

ಪಿವಿಸಿ: ಪ್ಲಾಸ್ಟಿಕ್ಕಿನದು. ತುಕ್ಕು ಇಲ್ಲ. ಹಗುರ. ಉಪ್ಪು ಗಾಳಿಗೆ ಹೆದರುವುದಿಲ್ಲ. ಆದರೆ ವರ್ಷಗಟ್ಟಲೆ ಬಿಸಿಲು ಕುಡಿದರೆ ಗಡುಸಾಗಿ ಸೀಳುತ್ತೆ. ತೆಂಗಿನ ಗರಿ ಬಿದ್ದರೆ, ಮಂಗ ಜಗ್ಗಿದರೆ ಒಡೆಯುತ್ತೆ. ಕೆಲವರು 6 ಇಂಚಿನ ಪೈಪನ್ನು ಉದ್ದಕ್ಕೆ ಸೀಳಿ ದೋಣಿ ಮಾಡುತ್ತಾರೆ. 20 ಅಡಿ ಪೈಪು ಸೀಳಿದರೆ 40 ಅಡಿ ದೋಣಿ ಆಗುತ್ತೆ. ಇದು ಒಳ್ಳೆ ಉಪಾಯ. ಕ್ಲಾಂಪ್ ಹತ್ತಿರ ಹತ್ತಿರ ಹಾಕದಿದ್ದರೆ ಮಾತ್ರ ಸೊಟ್ಟಗಾಗುತ್ತೆ.

ಇನ್ನೊಂದು ಮಾತು. ಕೆಲವು ಹಳೆ ಮನೆಗಳಲ್ಲಿ ಕಲ್ನಾರಿನ ಸಿಮೆಂಟ್ ಶೀಟು, ಅದರದೇ ದೋಣಿ ಇದೆ. ಆಸ್‌ಬೆಸ್ಟಾಸ್ ಅನ್ನುತ್ತಾರೆ. ಅದನ್ನು ಗರಗಸದಿಂದ ಕೊಯ್ಯಬೇಡಿ. ಸುತ್ತಿಗೆಯಿಂದ ಒಡೆಯಬೇಡಿ. ಅದರ ದೂಳು ಶ್ವಾಸಕೋಶಕ್ಕೆ ಹೋದರೆ ಕೆಟ್ಟ ರೋಗ ಬರುತ್ತೆ. ತೆಗೆಯಲೇಬೇಕಾದರೆ ತಿಳಿದವರಿಂದ ತೆಗೆಸಿ. ನೀರು ಚಿಮುಕಿಸಿ, ಇಡಿಯಾಗಿ ಇಳಿಸಬೇಕು. ಮಕ್ಕಳನ್ನು ದೂರ ಇಡಿ.

ತಗಡಿನ ನಂಬರ್ ಓದುವುದು

ತಗಡಿನ ದಪ್ಪವನ್ನು ಎರಡು ರೀತಿ ಹೇಳುತ್ತಾರೆ. ಒಂದು ಮಿಲಿಮೀಟರ್. ಇನ್ನೊಂದು ಗೇಜ್.

ಮಿಲಿಮೀಟರ್ ಸುಲಭ. ಅಂಕಿ ದೊಡ್ಡದಾದರೆ ತಗಡು ದಪ್ಪ. 0.30 ತೆಳು. 0.50 ಅದಕ್ಕಿಂತ ದಪ್ಪ.

ಗೇಜ್ ತಿರುಗುಮುರುಗು. ನಂಬರ್ ಹೆಚ್ಚಾದರೆ ತಗಡು ತೆಳು. 24 ಗೇಜ್ ದಪ್ಪ. 26 ಗೇಜ್ ಅದಕ್ಕಿಂತ ತೆಳು, ಸುಮಾರು ಅರ್ಧ ಮಿಲಿಮೀಟರ್. 28 ಇನ್ನೂ ತೆಳು. ಕೈ ಹೊಲಿಗೆಯ ಸೂಜಿಯೂ ಹೀಗೇ ಅಲ್ಲವಾ? ನಂಬರ್ ಏರಿದಷ್ಟು ಸೂಜಿ ಸಣ್ಣ. ಸೂಜಿ ನೆನಪಿಟ್ಟುಕೊಂಡರೆ ಗೇಜ್ ಮರೆಯುವುದಿಲ್ಲ.

"28 ಹಾಕ್ತೀನಿ, 26ಕ್ಕಿಂತ ದೊಡ್ಡದು" ಅಂತ ಯಾರಾದರೂ ಹೇಳಿದರೆ ಈಗ ನಿಮಗೆ ಉತ್ತರ ಗೊತ್ತು.

ಅಚ್ಚು ಕಾಣದಿದ್ದರೆ ತೂಕ ಮಾಡಿಸಿ. 8 ಅಡಿ ಉದ್ದ, 4 ಅಡಿ ಅಗಲದ ಶೀಟು ಅರ್ಧ ಮಿಲಿಮೀಟರ್ ದಪ್ಪ ಇದ್ದರೆ ಸುಮಾರು 12 ಕೆಜಿ ತೂಗುತ್ತೆ. ಅದೇ ಅಳತೆಯ 0.30 ತಗಡು ಸುಮಾರು 7 ಕೆಜಿ ಅಷ್ಟೇ. ಬಾಯಿ ಸುಳ್ಳು ಹೇಳಬಹುದು. ತಕ್ಕಡಿ ಹೇಳುವುದಿಲ್ಲ.

ಎಷ್ಟು ತಗಡು ಬೇಕು?

ಈಗ ಅಳತೆ. ದೋಣಿಗೆ 16 ಇಂಚು ಅಗಲದ ಪಟ್ಟಿ ಕತ್ತರಿಸೋಣ. ತಳಕ್ಕೆ 6 ಇಂಚು. ಒಂದೊಂದು ಬದಿಗೆ 5 ಇಂಚು. 6, 5, 5 ಕೂಡಿದರೆ 16. ನಮ್ಮ ಮಳೆಗೆ ಇಷ್ಟಾದರೂ ಅಗಲ ಬೇಕು. 12 ಇಂಚಿನ ಪಟ್ಟಿಯಲ್ಲಿ ಮಾಡಿದರೆ ತಗಡು ಉಳಿಯುತ್ತೆ, ಆದರೆ ಜೋರು ಮಳೆಯಲ್ಲಿ ನೀರು ಉಕ್ಕುತ್ತೆ.

ಶೀಟಿನ ಅಗಲ 4 ಅಡಿ. ಅಂದರೆ 48 ಇಂಚು. 48ರಲ್ಲಿ 16 ಎಷ್ಟು ಸಲ? ಮೂರು ಸಲ. ಒಂದು ಶೀಟಿಗೆ 3 ಪಟ್ಟಿ. ಒಂದೊಂದು ಪಟ್ಟಿ 8 ಅಡಿ ಉದ್ದ.

ನಮ್ಮ ಸೂರು 30 ಅಡಿ. 4 ಪಟ್ಟಿ ಹಾಕಿದರೆ 32 ಅಡಿ. ಆದರೆ ಪಟ್ಟಿಯ ಮೇಲೆ ಪಟ್ಟಿ 6 ಇಂಚು ಕೂರಬೇಕು. 4 ಪಟ್ಟಿಗೆ ಜೋಡಣೆ ಮೂರು. ಮೂರು ಕಡೆ 6 ಇಂಚು ಅಂದರೆ 18 ಇಂಚು, ಒಂದೂವರೆ ಅಡಿ. 32ರಲ್ಲಿ ಒಂದೂವರೆ ಕಳೆದರೆ ಮೂವತ್ತೂವರೆ ಅಡಿ. ಸರಿ ಹೋಯಿತು.

4 ಪಟ್ಟಿಗೆ ಒಂದು ಶೀಟು ಸಾಲದು. ಎರಡು ತರಬೇಕು. ಎರಡು ಪಟ್ಟಿ ಉಳಿಯುತ್ತೆ. ಪಕ್ಕದ ಮನೆಯವರಿಗೂ 30 ಅಡಿ ಬೇಕು ಅಂತ ಇಟ್ಟುಕೊಳ್ಳಿ. ಬೇರೆ ಬೇರೆ ತಂದರೆ ಎರಡು ಮನೆಗೆ 4 ಶೀಟು. ಕೂಡಿ ತಂದರೆ? ಎರಡು ಮನೆಗೆ 8 ಪಟ್ಟಿ. 3 ಶೀಟಿಗೆ 9 ಪಟ್ಟಿ. 3 ಶೀಟು ಸಾಕು! ಒಂದು ಶೀಟಿನ ದುಡ್ಡು ಉಳಿಯಿತು. ಗಾಡಿ ಬಾಡಿಗೆಯೂ ಅರ್ಧ ಅರ್ಧ. ಕೂಡಿ ಬಾಳಿದರೆ ಸ್ವರ್ಗ ಸುಖ ಅಂತಾರೆ. ಕೂಡಿ ಕೊಂಡರೆ ಶೀಟಿನ ಸುಖ.

ಕ್ಲಾಂಪ್ ಎಷ್ಟು? ಎರಡು ಅಡಿಗೆ ಒಂದು. 30ನ್ನು 2ರಿಂದ ಭಾಗಿಸಿದರೆ 15. ಕೊನೆಗೆ ಇನ್ನೊಂದು. ಒಟ್ಟು 16. ಬೇಲಿ ಕಂಬ ಎಣಿಸಿದ ಹಾಗೆ. ಕ್ಲಾಂಪ್‌ನಲ್ಲಿ ಕಂಜೂಸು ಮಾಡಬೇಡಿ. ನೀರು ತುಂಬಿದ ದೋಣಿ ಭಾರ ಇರುತ್ತೆ. ಹಾಗೆಯೇ ಕ್ಲಾಂಪ್ ಹೊಡೆಯುವ ಪಕಾಸಿ ಗಟ್ಟಿ ಇದೆಯಾ ನೋಡಿ. ಗೆದ್ದಲು ತಿಂದ ಮರಕ್ಕೆ ಮೊಳೆ ನಿಲ್ಲುವುದಿಲ್ಲ.

ಕೆಲಸ ಸರಿ ಆಗಿದೆಯಾ?

ನೀವು ಏಣಿ ಹತ್ತಬೇಕಿಲ್ಲ. ಆದರೆ ನಿಂತು ನೋಡಬೇಕು. ನಾಲ್ಕು ವಿಷಯ ಗಮನಿಸಿ.

ಒಂದು, ಓಟ. 10 ಅಡಿಗೆ 1 ಇಂಚು ಇಳಿಜಾರು ಇರಬೇಕು. 30 ಅಡಿಗೆ 3 ಇಂಚು. ಹಗ್ಗ ಕಟ್ಟಿ ಅಳತೆ ತೋರಿಸಿ ಅಂತ ಹೇಳಿ.

ಎರಡು, ಜೋಡಣೆ. ಮೇಲಿನ ಪಟ್ಟಿ ಕೆಳಗಿನ ಪಟ್ಟಿಯ ಮೇಲೆ ಕೂರಬೇಕು. ಹೆಂಚು ಹೊದಿಸುವ ಕ್ರಮವೇ ಇದು. ಉಲ್ಟಾ ಆದರೆ ನೀರು ಸಂದಿಗೆ ನುಗ್ಗುತ್ತೆ.

ಮೂರು, ಹೆಂಚಿನ ಅಂಚು. ಹೆಂಚು ದೋಣಿಯ ಒಳಗೆ ಒಂದೆರಡು ಇಂಚು ಚಾಚಿರಬೇಕು. ಇಲ್ಲದಿದ್ದರೆ ನೀರು ಹಿಂದೆ, ಗೋಡೆ ಕಡೆಗೆ ಇಳಿಯುತ್ತೆ.

ನಾಲ್ಕು, ನೀರು ಹೋಗುವ ಜಾಗ. ದೋಣಿ ಚೆನ್ನಾಗಿದ್ದು, ಇಳಿ ಪೈಪು ಗೋಡೆಯ ಬುಡಕ್ಕೇ ಸುರಿದರೆ ಏನು ಫಲ? ಬುಡದಿಂದ ನಾಲ್ಕೈದು ಅಡಿಯಾದರೂ ದೂರ ಸಾಗಿಸಿ. ಬೀಳುವ ಕಡೆ ಕಲ್ಲು ಹಾಸಿ. ತೊಟ್ಟಿಗೆ ಬಿಟ್ಟುಕೊಂಡರೆ ಬಟ್ಟೆಗೆ, ದನಕ್ಕೆ ನೀರಾಯಿತು. ಮೊದಲ ಮಳೆಯ ಕೊಳೆ ನೀರು ಮಾತ್ರ ಹೊರಗೆ ಹೋಗಲಿ. ಪಕ್ಕದವರ ಅಂಗಳಕ್ಕೆ ಬಿಡಬೇಡಿ. ನೀರಿಗಿಂತ ಜಗಳ ಜೋರಾಗಿ ಹರಿಯುತ್ತೆ.

ಕೊನೆಗೆ ಒಂದು ಪರೀಕ್ಷೆ. ಪೂರ್ತಿ ದುಡ್ಡು ಕೊಡುವ ಮೊದಲು ದೋಣಿಯ ಎತ್ತರದ ತುದಿಯಲ್ಲಿ ಎರಡು ಕೊಡ ನೀರು ಸುರಿಸಿ. ನೀರು ಎಲ್ಲಿಯೂ ನಿಲ್ಲದೆ ಇಳಿ ಪೈಪಿಗೆ ಹೋಗಬೇಕು. ಜೋಡಣೆ ಕೆಳಗೆ ಕೈ ಇಟ್ಟು ನೋಡಿ. ಕೈ ಒಣಗಿದ್ದರೆ ಕೆಲಸ ಸರಿ.

ಖರ್ಚಿನ ಚೀಟಿ

ನಮ್ಮ ಕೇಂದ್ರಕ್ಕೆ ಬರುವ ಒಬ್ಬ ಅಕ್ಕನ ಸಂಗತಿ ಹೇಳ್ತೀನಿ. ಹೆಸರು ಬೇಡ. ಅವರು ಇಲ್ಲೇ ಕೂತು ನಗ್ತಾ ಇದ್ದಾರೆ.

ಹೋದ ವರ್ಷ ಅವರ ಮನೆಗೆ ಹೊಸ ದೋಣಿ ಬೇಕಿತ್ತು. ಕೆಲಸದವನು ಬಂದು ನೋಡಿ, "ಒಟ್ಟು ಒಂಬತ್ತು ಸಾವಿರ" ಅಂದ. ಅಕ್ಕ ಹೂಂ ಅನ್ನಲಿಲ್ಲ. ಊಹೂಂ ಅನ್ನಲೂ ಇಲ್ಲ. "ಯಾವುದಕ್ಕೆ ಎಷ್ಟು, ಬರೆದು ಕೊಡಿ" ಅಂದರು. ಅವನು, "ಬರೆಯೋದೆಲ್ಲ ಯಾಕಕ್ಕ, ನಂಬಿಕೆ ಇಲ್ವಾ?" ಅಂದ. ಅಕ್ಕ, "ನಂಬಿಕೆ ಇದೆ. ನನಗೆ ಈಗ ಓದಕ್ಕೆ ಬರುತ್ತೆ. ಅದಕ್ಕೆ ಕೇಳಿದೆ" ಅಂದರು.

ಅವನು ಬರೆಯಲಿಲ್ಲ. ಅಕ್ಕ ತಾವೇ ಹೊರಟರು. ಟೇಪು ಹಿಡಿದು ಸೂರು ಅಳೆದರು. ಪೇಟೆಗೆ ಹೋಗಿ ಎರಡು ಅಂಗಡಿಯಲ್ಲಿ ಬೆಲೆ ಕೇಳಿದರು. ನೋಟ್ ಪುಸ್ತಕದಲ್ಲಿ ಬರೆದುಕೊಂಡರು. ಅವರ ಚೀಟಿ ಹೀಗಿತ್ತು:

ತಗಡು 2 ಶೀಟು, ಒಂದಕ್ಕೆ 1200 ರೂಪಾಯಿ — 2400
ಕ್ಲಾಂಪ್ 16, ಒಂದಕ್ಕೆ 60 ರೂಪಾಯಿ — 960
ಇಳಿ ಪೈಪು, ಬೆಂಡು ಸೇರಿ — 500
ರಿವೆಟ್, ಮೊಳೆ, ಸೀಲೆಂಟ್ — 240
ತಗಡು ಕತ್ತರಿಸಿ ಮಡಚುವ ಕೂಲಿ — 400
ಎರಡು ಆಳಿನ ಒಂದು ದಿನದ ಕೂಲಿ, ಒಬ್ಬರಿಗೆ 900 — 1800

ಒಟ್ಟು ಎಷ್ಟು? ನೀವೂ ಕೂಡಿಸಿ. 6300 ರೂಪಾಯಿ.

ಅವನು ಹೇಳಿದ್ದು 9000. ಕಳೆದರೆ 2700 ರೂಪಾಯಿ ಹೆಚ್ಚು. ಅದರಲ್ಲಿ ಗಾಡಿ ಬಾಡಿಗೆ ಇರಬಹುದು. ಅವನ ಓಡಾಟ, ಅವನ ಲಾಭ ಇರಬಹುದು. ಕೆಲಸದವರೂ ಬದುಕಬೇಕು. ಅಕ್ಕ ಅವನನ್ನು ಕಳ್ಳ ಅನ್ನಲಿಲ್ಲ. ಚೀಟಿ ತೋರಿಸಿದರು. ಅವನು ಓದಿದ. ಸುಮ್ಮನೆ ನಿಂತ. ಆಮೇಲೆ, "ಗಾಡಿ ಬಾಡಿಗೆ ಸೇರಿ ಏಳು ಸಾವಿರ ಕೊಡಿ ಅಕ್ಕ" ಅಂದ. ಅಕ್ಕ ಒಪ್ಪಿದರು. ಆದರೆ ಒಂದು ಮಾತು ಬರೆಸಿಕೊಂಡರು. ತಗಡು 0.50 ಇರಬೇಕು ಅಂತ. ತಗಡು ಬಂದ ದಿನ ಅಂಗಳದಲ್ಲೇ ಮಗುಚಿ ಅಂಕಿ ಓದಿದರು.

ಈ ಬೆಲೆಗಳು ಅವರು ಅವತ್ತು ಕೇಳಿ ತಂದಿದ್ದು. ನಿಮ್ಮ ಪೇಟೆಯಲ್ಲಿ ಬೇರೆ ಇರುತ್ತೆ. ಬೆಲೆ ಬದಲಾಗುತ್ತೆ. ಚೀಟಿಯ ಸಾಲು ಬದಲಾಗುವುದಿಲ್ಲ. ಆ ಆರು ಸಾಲು ಬರೆದಿಟ್ಟುಕೊಳ್ಳಿ. ಬೆಲೆ ನೀವೇ ತುಂಬಿ. ಅಂಗಡಿಯಲ್ಲಿ "ಜಿಎಸ್‌ಟಿ ಸೇರಿ ಎಷ್ಟು?" ಅಂತ ಕೇಳಿ. ಬಿಲ್ಲು ತಗೊಳ್ಳಿ. ಮುಂಗಡ ಕೊಟ್ಟರೆ ಎಷ್ಟು ಕೊಟ್ಟಿರಿ, ಯಾವ ದಿನ ಕೊಟ್ಟಿರಿ ಅಂತ ಬರೆದು ಅವರ ಸಹಿ ಹಾಕಿಸಿ.

ವರ್ಷದ ಲೆಕ್ಕ

ಅಗ್ಗದ್ದು ಕೊಳ್ಳಬೇಕಾ, ದುಬಾರಿಯದ್ದು ಕೊಳ್ಳಬೇಕಾ? ಇದಕ್ಕೆ ವರ್ಷದ ಲೆಕ್ಕ ಮಾಡಿ.

ತೆಳು ತಗಡಿನ ದೋಣಿ, ಕೂಲಿ ಸೇರಿ 5000 ಆಯಿತು, 4 ವರ್ಷ ಬಂತು ಅಂತ ಇಟ್ಟುಕೊಳ್ಳಿ. 5000ನ್ನು 4ರಿಂದ ಭಾಗಿಸಿ. ವರ್ಷಕ್ಕೆ 1250 ರೂಪಾಯಿ.

ದಪ್ಪ ತಗಡಿನದು 7000 ಆಯಿತು, 10 ವರ್ಷ ಬಂತು ಅಂತ ಇಟ್ಟುಕೊಳ್ಳಿ. 7000ನ್ನು 10ರಿಂದ ಭಾಗಿಸಿ. ವರ್ಷಕ್ಕೆ 700 ರೂಪಾಯಿ.

ಯಾವುದು ಅಗ್ಗ? ಈಗ ನೀವೇ ಹೇಳಿ. ಕೂಲಿ ಎರಡಕ್ಕೂ ಒಂದೇ ಅಲ್ಲವಾ? ತೆಳು ಹಾಕಿದವರು ಆ ಕೂಲಿಯನ್ನು ಮತ್ತೆ ಮತ್ತೆ ಕೊಡಬೇಕು.

ಹಾಗಂತ ಕೈಯಲ್ಲಿ ದುಡ್ಡಿಲ್ಲದೆ ಬಡ್ಡಿ ಸಾಲಕ್ಕೆ ಬೀಳಬೇಡಿ. ಬಡ್ಡಿಯೂ ದೋಣಿಯ ಖರ್ಚೇ. 6000 ರೂಪಾಯಿ ಸಾಲಕ್ಕೆ ತಿಂಗಳಿಗೆ ನೂರಕ್ಕೆ 1 ರೂಪಾಯಿ ಬಡ್ಡಿಯಾದರೆ 60 ರೂಪಾಯಿ. ನೂರಕ್ಕೆ 5 ರೂಪಾಯಿಯಾದರೆ 300. ತಿಂಗಳಿಗೆ 240 ರೂಪಾಯಿ ಹೆಚ್ಚು. ಅಂದರೆ ನಾಲ್ಕು ಕ್ಲಾಂಪ್‌ನ ದುಡ್ಡು ತಿಂಗಳು ತಿಂಗಳೂ ನೀರಿಗೆ ಹೋಯಿತು. ಸಂಘದಲ್ಲಿ ಕಡಿಮೆ ಬಡ್ಡಿಗೆ ಸಿಕ್ಕರೆ ಅಲ್ಲಿ ಕೇಳಿ. ಅದೂ ಆಗದಿದ್ದರೆ ಈ ವರ್ಷ ಮಣ್ಣಿನ ಗೋಡೆ ಇರುವ ಕಡೆ ಮಾತ್ರ ಹಾಕಿಸಿ. ಬರುವ ವರ್ಷ ಉಳಿದ ಕಡೆ. ಹಾಸಿಗೆ ಇದ್ದಷ್ಟು ಕಾಲು ಚಾಚೋಣ.

ಜೀವ ಮೊದಲು

ಕೊನೆಯ ಮಾತು. ಇದನ್ನು ಮರೆಯಬೇಡಿ.

ಸೂರಿನ ಹತ್ತಿರ ಕರೆಂಟ್ ತಂತಿ ಇರುತ್ತೆ. ಉದ್ದ ತಗಡು ಎತ್ತುವಾಗ ತಂತಿಗೆ ತಾಗಿದರೆ ಜೀವ ಹೋಗುತ್ತೆ. ಮೊದಲು ಲೈನ್‌ಮನ್‌ಗೆ ಹೇಳಿ ಕಂಬದಿಂದಲೇ ಕರೆಂಟ್ ತೆಗೆಸಿ. ಮನೆಯ ಮೇನ್ ಸ್ವಿಚ್ ಮಾತ್ರ ತೆಗೆದರೆ ಸಾಲದು. ಹೊರಗಿನ ತಂತಿಯಲ್ಲಿ ಕರೆಂಟ್ ಹಾಗೇ ಇರುತ್ತೆ.

ಒದ್ದೆ ಹೆಂಚು ಹತ್ತಬೇಡಿ. ಪಾಚಿಗೆ ಕಾಲು ಜಾರುತ್ತೆ. ಏಣಿಯನ್ನು ಒಬ್ಬರು ಹಿಡಿದಿರಲಿ. ತಗಡಿನ ಅಂಚು ಕತ್ತಿಯ ಹಾಗೆ. ಕೈಗೆ ದಪ್ಪ ಬಟ್ಟೆ ಸುತ್ತಿಕೊಳ್ಳಿ.

ಮಳೆಗಾಲದಲ್ಲಿ ಮಣ್ಣಿನ ಗೋಡೆ ಒದ್ದೆಯಾಗಿ ಉಬ್ಬಿದ್ದರೆ, ಬಿರುಕು ಬಿಟ್ಟಿದ್ದರೆ ಅದರ ಪಕ್ಕ ಯಾರೂ ಮಲಗಬೇಡಿ. ನಮ್ಮ ಅಮ್ಮನಿಗೆ ಅವತ್ತು ಚಳಿಯಾಗಿತ್ತು. ಅದಕ್ಕೆ ಉಳಿದಳು. ಪ್ರತಿ ಸಲ ಚಳಿ ಕಾಯುವುದಿಲ್ಲ.

ಅಮ್ಮ ಈಗಲೂ ಇದ್ದಾಳೆ. ಅದೇ ಮನೆ. ಮೂಲೆಯ ಗೋಡೆಯನ್ನು ಇಟ್ಟಿಗೆಯಲ್ಲಿ ಕಟ್ಟಿಸಿದ್ದೇವೆ. ಆ ಹಳೆಯ ತಗಡಿನ ಒಂದು ತುಂಡು ಕೋಳಿ ಗೂಡಿನ ಮೇಲಿದೆ. 0.30 ಅನ್ನುವ ಅಂಕಿ ಅದರಲ್ಲಿ ಇನ್ನೂ ಕಾಣುತ್ತೆ. ಹೋದ ಸಲ ಊರಿಗೆ ಹೋದಾಗ ಅಮ್ಮ ಅದರ ಮೇಲೆ ಬೆರಳಿಟ್ಟು ಓದಿದಳು. "ಸೊನ್ನೆ, ಚುಕ್ಕಿ, ಮೂರು, ಸೊನ್ನೆ." ನಮ್ಮ ಊರಿನ ಕಲಿಕಾ ಕೇಂದ್ರದಲ್ಲಿ ಅವಳೂ ಕಲಿತಿದ್ದಾಳೆ. ಓದಿ, "ಇಷ್ಟೇನಾ?" ಅಂದಳು.

ಇಷ್ಟೇ ಅಮ್ಮಂದಿರೇ. ನಾಳೆ ಬರುವಾಗ ನಿಮ್ಮ ನಿಮ್ಮ ಸೂರು ಅಳೆದುಕೊಂಡು ಬನ್ನಿ. ಟೇಪು ಇಲ್ಲದಿದ್ದರೆ ಹಗ್ಗ ಹಿಡಿದು ಅಳೆದು, ಗಂಟು ಹಾಕಿ ತನ್ನಿ. ಇಲ್ಲಿ ಅಳೆಯೋಣ.

ನೆನಪಿಡಿ

ಕಸ ತೆಗೆಯುವುದು ರೋಹಿಣಿ ಮಳೆಗೆ ಮೊದಲು.
ರೋಗ ತಿಳಿದು ಮದ್ದು. ಸಣ್ಣ ತೂತಿಗೆ ಹೊಸ ದೋಣಿ ಬೇಡ.
ಗೇಜ್ ನಂಬರ್ ಏರಿದರೆ ತಗಡು ತೆಳು.
10 ಅಡಿಗೆ 1 ಇಂಚು ಓಟ. 2 ಅಡಿಗೆ 1 ಕ್ಲಾಂಪ್.
ಬರೆದ ಚೀಟಿ ಇಲ್ಲದೆ ದುಡ್ಡು ಕೊಡಬೇಡಿ.
ಕಂಬದಿಂದ ಕರೆಂಟ್ ತೆಗೆಸಿ, ಆಮೇಲೆ ಕೆಲಸ.

ಲೆಕ್ಕ ಮಾಡಿ, ಬರೆಯಿರಿ

1. ನಿಮ್ಮ ಮನೆಯ ಮುಂದಿನ ಸೂರು ಎಷ್ಟು ಅಡಿ? ಎಷ್ಟು ಕ್ಲಾಂಪ್ ಬೇಕು?
2. ಸೂರು 20 ಅಡಿ ಇದ್ದರೆ ಓಟ ಎಷ್ಟು ಇಂಚು ಇರಬೇಕು?
3. ಮೂರು ಮನೆಯವರು ಕೂಡಿದರೆ 16 ಇಂಚಿನ 12 ಪಟ್ಟಿ ಬೇಕು. ಎಷ್ಟು ಶೀಟು ತರಬೇಕು? ಬೇರೆ ಬೇರೆ ತಂದರೆ ಎಷ್ಟು ಶೀಟು?
4. ನಿಮ್ಮ ಪೇಟೆಯ ಬೆಲೆ ಕೇಳಿ, ಖರ್ಚಿನ ಚೀಟಿ ಬರೆಯಿರಿ. ಪಕ್ಕದವರ ಚೀಟಿಯ ಜೊತೆ ಹೋಲಿಸಿ ನೋಡಿ.